ಬೀರುವಿನಲ್ಲಿದ್ದ ದೊಡ್ಡ ಪಟ್ಟಿ

ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವುದು ಎಂಥ ಕಷ್ಟದ ಕೆಲಸ ಅಂತ ತಿಳಿಯಬೇಕಾದರೆ ನಮ್ಮ ತಿಪಟೂರು, ತುರುವೇಕೆರೆ ಕಡೆಯವರನ್ನು ಒಂದು ಬೆಂಚಿನ ಮೇಲೆ ಕೂರಿಸಿ ನೋಡಬೇಕು. ಬಸ್ಸಿನಲ್ಲಿ ಪಕ್ಕ ಕೂತವರು ಯಾರೋ ಏನೋ, ನೊಣವಿನಕೆರೆಯಲ್ಲಿ ಇಳಿಯುವಷ್ಟರಲ್ಲಿ ಅವರ ತೋಟದಲ್ಲಿ ಎಷ್ಟು ಮರ, ಎಷ್ಟಕ್ಕೆ ನುಸಿ ಹತ್ತಿದೆ, ತವರಿಗೆ ಹೋದ ಸೊಸೆ ವಾಪಸ್ಸು ಬಂದಳೋ ಇಲ್ಲವೋ, ಎಲ್ಲ ತಿಳಿದುಕೊಂಡೇ ಇಳಿಯುವ ಜನ ನಾವು. ಅದರಲ್ಲೂ ನಾನು! ನಮ್ಮತ್ತೆ ಬದುಕಿದ್ದ ತನಕ ಹೇಳುತ್ತಿದ್ದರು, "ಇವ್ಳ ಬಾಯಿಗೆ ಬೀಗ ಮಾಡೋ ಆಚಾರಿ ಇನ್ನೂ ಹುಟ್ಟಿಲ್ಲ ಕಣ್ರಪ್ಪ" ಅಂತ. ಆ ಬೀಗ ಕೊನೆಗೂ ಬಿತ್ತು. ಹಾಕಿದವಳು ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳಾದ ಒಬ್ಬ ಡಾಕ್ಟರು.

ನಾನು ಹಳ್ಳಿ ಆಸ್ಪತ್ರೆಯೊಂದರಲ್ಲಿ ನರ್ಸು. ಇಪ್ಪತ್ತಾರು ವರ್ಷದ ಸರ್ವೀಸು. ಜನ ಕರೆಯುವುದು ಸಿಸ್ಟರಮ್ಮ ಅಂತ. ಸೂಜಿ ಹಾಕುವುದು, ಹೆರಿಗೆ, ಡ್ರೆಸ್ಸಿಂಗು, ಸ್ಟಾಕ್ ಪುಸ್ತಕ, ಬೀರುವಿನ ಬೀಗದ ಕೈ ಎಲ್ಲಾ ನನ್ನದೇ. ಆದರೆ ನಾನು ಹೆಸರು ಮಾಡಿದ್ದು ಬಿ.ಪಿ. ನೋಡುವುದರಲ್ಲಿ. ಕಿಟಕಿ ಪಕ್ಕ ನನ್ನ ಟೇಬಲ್ಲು. ಜನ ಸಾಲಾಗಿ ಬರುವರು. ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿ ಗುಂಡಿ ಒತ್ತುವೆ. ಯಂತ್ರ ಗುರುಗುಟ್ಟುತ್ತಿರುವಾಗ, "ಏನ್ ಯಜಮಾನ್ರೇ, ನೆನ್ನೆ ಹರಾಜಲ್ಲಿ ಕೊಬ್ರಿ ಹೆಂಗೋಯ್ತು?" ಅನ್ನುವೆ. ತಿಪಟೂರಿನ ಹರಾಜಿನ ಮಾತು ಬಂತೆಂದರೆ ನಮ್ಮವರಿಗೆ ಸಿಟ್ಟು, ಸಂಕಟ, ಸಂತೋಷ ಎಲ್ಲಾ ಒಟ್ಟಿಗೇ ಬರುತ್ತವೆ. ಅವರು ಇನ್ನೊಂದು ಕೈ ಎತ್ತಿ ಗಾಳಿಯಲ್ಲಿ ಬೀಸುತ್ತಾ ದಲ್ಲಾಳಿಗಳಿಗೆ ಬೈಯುತ್ತಿರುವಾಗಲೇ ಯಂತ್ರ ಒಂದು ನಂಬರು ತೋರಿಸುವುದು. ಅದನ್ನು ಚೀಟಿಯಲ್ಲಿ ಬರೆದು, "ಮುಂದಿನೋರು ಬನ್ರಪ್ಪಾ" ಅನ್ನುವೆ. ಸಿಸ್ಟರಮ್ಮ ಮಾತಾಡಿಸಿದರೆ ಅರ್ಧ ಕಾಯಿಲೆ ವಾಸಿ ಅಂತ ಊರಿನಲ್ಲಿ ಹೇಳುತ್ತಿದ್ದರು. ನನಗೂ ಅದು ನಿಜ ಅಂತಲೇ ಅನ್ನಿಸಿತ್ತು.

ಮಾರ್ಗಸೂಚಿ ಅನ್ನುವ ಪದ ನನಗೆ ಹೊಸದೇನೂ ಆಗಿರಲಿಲ್ಲ. ಆಗಾಗ ಮೇಲಿನಿಂದ ಒಂದೊಂದು ಪುಸ್ತಕ ಬರುತ್ತಿತ್ತು. ಸಕ್ಕರೆ ಕಾಯಿಲೆಗೆ ಹೀಗೆ ಮಾಡಿ, ರಕ್ತದೊತ್ತಡಕ್ಕೆ ಹೀಗೆ ಮಾಡಿ, ಹೆರಿಗೆಗೆ ಹೀಗೆ ಮಾಡಿ ಅಂತ. ಬಂದ ದಿನವೇ ಸಹಿ ಹಾಕಿ ತೆಗೆದುಕೊಂಡು, ರಟ್ಟು ಮಡಿಸದ ಹಾಗೆ ಬೀರುವಿನಲ್ಲಿ ಜೋಡಿಸಿಡುತ್ತಿದ್ದೆ. ತಪಾಸಣೆಗೆ ಬಂದವರು ಬೀರು ತೆಗೆಸಿ ನೋಡಿ, "ಪರವಾಗಿಲ್ಲ ಸಿಸ್ಟರ್, ನೀಟಾಗಿ ಇಟ್ಟಿದೀರ" ಅನ್ನುವರು. ಅದನ್ನು ಓದಬೇಕು ಅಂತ ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕೆಲಸ ಬರುವವರಿಗೆ ಪುಸ್ತಕ ಯಾಕೆ?

ಹೊಸ ಡಾಕ್ಟರು ಬಂದದ್ದು ರಾಗಿ ಕೊಯ್ಲಿನ ಹೊತ್ತಿಗೆ. ಬಂದ ವಾರದಲ್ಲೇ ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ಕೇಳಿ ತೆಗೆಸಿಕೊಂಡರು. ನನಗೆ ಜೀವ ಹೋದಹಾಗಾಯಿತು, ಹೊಸ ಪುಸ್ತಕದ ಮೇಲೆ ಟೀ ಲೋಟ ಇಟ್ಟುಬಿಟ್ಟಿದ್ದರು. ಎರಡು ದಿನ ಓದಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ ತಾವೇ ಕನ್ನಡದಲ್ಲಿ ಬರೆದು, ನನ್ನ ಟೇಬಲ್ಲಿನ ಮೇಲುಗಡೆ ಗೋಡೆಗೆ ಅಂಟಿಸಿದರು. ಬಂದ ತಕ್ಷಣ ಬಿ.ಪಿ. ನೋಡಬೇಡಿ, ಐದು ನಿಮಿಷ ಕೂರಿಸಿ. ಬೆನ್ನು ಒರಗಿರಲಿ, ಪಾದ ನೆಲದ ಮೇಲಿರಲಿ. ತೋಳು ಬರಿದಾಗಿರಲಿ, ಎದೆಯ ಮಟ್ಟಕ್ಕಿರಲಿ. ತೋಳಿನ ದಪ್ಪಕ್ಕೆ ತಕ್ಕ ಪಟ್ಟಿ ಸುತ್ತಿ. ನೋಡುವಾಗ ಇಬ್ಬರೂ ಮಾತಾಡಬೇಡಿ. ಎರಡು ಸಲ ನೋಡಿ. ಇದರಲ್ಲಿ 'ಇಬ್ಬರೂ' ಅನ್ನುವುದರ ಕೆಳಗೆ ಕೆಂಪು ಗೆರೆ. ಒಂದಲ್ಲ, ಎರಡು.

ನನಗೆ ಮೈಯೆಲ್ಲ ಉರಿಯಿತು. "ಮೇಡಂ, ಇದು ನಂಗ್ ಹೇಳಿದ್ದಾ?" ಅಂದೆ.

"ನಂಗೂ ಸೇರ್ಸಿ ಸಿಸ್ಟರ್. ನಾನೂ ಮಾತಾಡ್ತೀನಿ" ಅಂದರು ಡಾಕ್ಟರು.

"ಅಲ್ಲ ಮೇಡಂ, ಒಬ್ಬೊಬ್ರನ್ನೂ ಐದೈದು ನಿಮಿಷ ಕೂರುಸ್ಕಂಡ್ರೆ, ಕೊನೆಯೋರ ಪಾಳಿ ಬರೋಷ್ಟ್ರಲ್ಲಿ ಅವ್ರ ಮೊಮ್ಮಕ್ಳ ಮದ್ವೆ ಆಗಿರ್ತದೆ!"

ಅವರು ನಕ್ಕರು. "ಹೇಗೂ ಸಾಲಲ್ಲಿ ನಿಂತಿರ್ತಾರಲ್ಲ ಸಿಸ್ಟರ್. ನಿಲ್ಲೋ ಬದ್ಲು ಕೂರ್ಲಿ, ಅಷ್ಟೇ."

ಮಾತು ಸರಿಯಾಗಿಯೇ ಇತ್ತು. ಎದುರಿನವರ ಮಾತು ಸರಿಯಿದ್ದಾಗ ನನಗೆ ಇನ್ನೂ ಸಿಟ್ಟು ಬರುತ್ತದೆ. ಡಾಕ್ಟರು ಹೊರಗಿದ್ದ ಒರಗುಬೆಂಚನ್ನು ತಾವೇ ಒಂದು ಕಡೆ ಹಿಡಿದು, ಇನ್ನೊಂದು ಕಡೆ ಆಯಾಳಿಂದ ಹಿಡಿಸಿ ಒಳಗೆ ಎಳೆದು ಹಾಕಿದರು. ನಾನೂ ಆಯಾಳೂ ಅದಕ್ಕೆ ಮೌನವ್ರತದ ಬೆಂಚು ಅಂತ ಹೆಸರಿಟ್ಟು ಹಿಂದಿನಿಂದ ನಗುತ್ತಿದ್ದೆವು. ಡಾಕ್ಟರು ರೂಮಿನಲ್ಲಿದ್ದರೆ ಎಲ್ಲರೂ ಬೆಂಚಿನ ಮೇಲೆ. ಅವರು ಹೆರಿಗೆ ಕೋಣೆಗೆ ಹೋದರೋ, "ಬನ್ರಪ್ಪಾ, ಬೇಗ್ ಬೇಗ" ಅಂತ ನನ್ನ ಹಳೇ ಪದ್ಧತಿ.

ಅವರಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಒಂದು ದಿನವೂ ಗದರಲಿಲ್ಲ. ಒಂದು ಮಧ್ಯಾಹ್ನ ಜನ ಇರಲಿಲ್ಲ. "ಬನ್ನಿ ಸಿಸ್ಟರ್, ನಿಮ್ದು ನೋಡೋಣ" ಅಂದರು. ನಾನು ಕೈ ಕೊಟ್ಟು ಕೂತೆ. ಆ ವಾರ ನನ್ನ ತಂಗಿ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ನನ್ನನ್ನು ಹಿಂದಿನ ದಿನ ಸಂಜೆ ಫೋನಿನಲ್ಲಿ ಕರೆದಿದ್ದಳು, ಹಿಂದಿನ ದಿನ! ಒಡಹುಟ್ಟಿದ ಅಕ್ಕನನ್ನು! ಆ ಕತೆ ಶುರು ಮಾಡಿದೆ. ಡಾಕ್ಟರು ಹೂಂಗುಟ್ಟುತ್ತಾ ಗುಂಡಿ ಒತ್ತಿದರು, ನಂಬರು ಬರೆದುಕೊಂಡರು. ಆಮೇಲೆ, "ಈಗ ಐದು ನಿಮಿಷ ಸುಮ್ನೆ ಕೂತ್ಕೊಳಿ" ಅಂದರು. ಗೋಡೆ ಗಡಿಯಾರ ನೋಡಿಕೊಂಡು ಕೂತೆ. ನಾಲಿಗೆ ತುರಿಸುತ್ತಿತ್ತು. ಮೂರನೇ ನಿಮಿಷಕ್ಕೆ ತಂಗಿಯ ವಿಷಯದಲ್ಲಿ ಹೇಳಲು ಬಿಟ್ಟುಹೋಗಿದ್ದೊಂದು ನೆನಪಾಗಿ ಬಾಯಿ ತೆರೆದೆ. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು. ಐದು ನಿಮಿಷವಾದ ಮೇಲೆ ಮತ್ತೆ ನೋಡಿದರು. ಮೊದಲಿಗಿಂತ ಹದಿನಾಲ್ಕು ಕಮ್ಮಿ.

"ಯಂತ್ರ ಸರಿಯಿಲ್ಲ ಮೇಡಂ" ಅಂದೆ.

"ಯಂತ್ರ ಸರಿಯಾಗಿದೆ ಸಿಸ್ಟರ್. ನಿಮ್ ತಂಗೀನೇ ಸರಿಯಿಲ್ಲ."

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಆ ಹದಿನಾಲ್ಕು ತಲೆಯಲ್ಲೇ ಕೂತಿತ್ತು. ಹರಾಜಿನ ಮಾರನೇ ದಿನ ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಬಿ.ಪಿ. ಜಾಸ್ತಿ ಇರುತ್ತಿದ್ದದ್ದು ಯಾಕೆ ಅಂತ ಆವತ್ತು ಹೊಳೆಯಿತು. ಕೊಬ್ಬರಿಯ ಮಾತು ತೆಗೆಯುತ್ತಿದ್ದವಳು ನಾನೇ ತಾನೆ?

ಅಲ್ಲಿಂದ ಮುಂದೆ ಗೋಡೆಯ ಮೇಲಿದ್ದ ಆರು ಮಾತಿನಲ್ಲಿ ಐದನ್ನು ಪಾಲಿಸತೊಡಗಿದೆ. ನಾನೇ ಬೆಂಚಿನವರಿಗೆ, "ಉಶ್! ಸುಮ್ಕಿರ್ರೀ, ನಾನೇ ಸುಮ್ಕಿದೀನಿ, ನಿಮಗೇನು ರೋಗ?" ಅಂತ ಗದರುವ ಮಟ್ಟಕ್ಕೆ ಬಂದೆ. ಒಂದು ಮಾತನ್ನು ಮಾತ್ರ ಬಿಟ್ಟೆ. ತೋಳಿನ ದಪ್ಪಕ್ಕೆ ತಕ್ಕ ಪಟ್ಟಿ. ಡಾಕ್ಟರು ಬಂದ ಹೊಸದರಲ್ಲೇ ಕೇಳಿದ್ದರು, "ನಮ್ಮಲ್ಲಿ ದೊಡ್ಡ ಸೈಜಿನ ಪಟ್ಟಿ ಇಲ್ವಾ ಸಿಸ್ಟರ್?" ಅಂತ. "ಇಲ್ಲ ಮೇಡಂ, ಬರೆದು ತರುಸ್ಬೇಕು" ಅಂದಿದ್ದೆ.

ಅದು ಸುಳ್ಳು. ಪಟ್ಟಿ ಇತ್ತು. ಮೂರು ವರ್ಷದ ಹಿಂದೆ ಯಂತ್ರದ ಜೊತೆಯಲ್ಲೇ ಬಂದದ್ದು, ಪ್ಲಾಸ್ಟಿಕ್ ಕವರನ್ನೂ ಒಡೆಯದೆ ಬೀರುವಿನ ಮೇಲಿನ ಅರೆಯಲ್ಲಿಟ್ಟಿದ್ದೆ. ಕೆಟ್ಟ ಬುದ್ಧಿಯಿಂದ ಇಟ್ಟದ್ದಲ್ಲ. ಬಳಸಿದರೆ ವೆಲ್ಕ್ರೋ ಸವೆಯುತ್ತದೆ, ರಬ್ಬರು ತೂತಾಗುತ್ತದೆ, ಆಮೇಲೆ ತಪಾಸಣೆಯವರು ಕೇಳಿದರೆ ಉತ್ತರ ಹೇಳಬೇಕಾದವಳು ನಾನು. ಮನೆಯಲ್ಲಿ ಮದುವೆಗೆ ಬಂದ ಹೊಸ ಸ್ಟೀಲ್ ಲೋಟಗಳನ್ನು ಅಟ್ಟದ ಮೇಲಿಟ್ಟು, ಸೊಟ್ಟ ಲೋಟದಲ್ಲಿ ಕಾಫಿ ಕುಡಿಯುವ ಹೆಂಗಸರು ನಾವು. ಆಸ್ಪತ್ರೆಯಲ್ಲೂ ಅದೇ ಮಾಡಿದೆ. ಒಂದು ಸಲ ಇಲ್ಲ ಅಂದುಬಿಟ್ಟ ಮೇಲೆ ಇದೆ ಅನ್ನುವುದಕ್ಕೆ ಮರ್ಯಾದೆ ಅಡ್ಡ ಬಂತು.

ಈಗ ತೆಂಗಿನ ಮರ ಹತ್ತುವ ಅಣ್ಣನ ವಿಷಯ ಹೇಳಬೇಕು. ನನಗಿಂತ ಎರಡು ಮೂರು ವರ್ಷ ದೊಡ್ಡವನು. ಸ್ವಂತ ಅಣ್ಣನಲ್ಲ, ನಮ್ಮೂರಿನವನು. ನಮ್ಮ ತೋಟದ ಕಾಯಿ ಕೀಳುವುದೂ ಅವನೇ, ಬೇರೆ ದಿನಗಳಲ್ಲಿ ಕಾಯಿ ಸುಲಿಯಲು ಹೋಗುವುದೂ ಅವನೇ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ದಿನವಿಡೀ ಕಾಯಿ ಚುಚ್ಚಿ ಸಿಪ್ಪೆ ಬಿಡಿಸುವವರ ತೋಳು ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಈ ಅಣ್ಣನ ತೋಳು ನನ್ನ ತೊಡೆಯಷ್ಟಿದೆ, ನನ್ನ ತೊಡೆಯೂ ಸಣ್ಣದೇನಲ್ಲ. ಹಳೇ ಡಾಕ್ಟರ ಕಾಲದಲ್ಲೇ ಅವನಿಗೆ ಬಿ.ಪಿ. ಅಂತ ಒಂದು ಮಾತ್ರೆ ಕೊಟ್ಟಿದ್ದರು. ಪ್ರತಿ ತಿಂಗಳೂ ತಪ್ಪದೆ ಬರುವನು. ನಾನು ಪಟ್ಟಿ ಸುತ್ತಿದರೆ ಅದು ಅರ್ಧಕ್ಕೇ ನಿಲ್ಲುವುದು, ಗಾಳಿ ತುಂಬಿದೊಡನೆ ವೆಲ್ಕ್ರೋ ಬಿಚ್ಚಿಕೊಳ್ಳುವುದು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆ. ಬಿಚ್ಚದ ಹಾಗೆ ಎರಡೂ ಕೈಯಿಂದ ಪಟ್ಟಿಯನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದೆ. ನಂಬರು ಯಾವಾಗಲೂ ಜಾಸ್ತಿಯೇ ಬರುವುದು. ಒಂದು ಮಾತ್ರೆ ಹೋಗಿ ಎರಡಾಯಿತು. ಶಿವರಾತ್ರಿ ಹೊತ್ತಿಗೆ ಹೊಸ ಡಾಕ್ಟರು ನನ್ನ ಚೀಟಿಯಲ್ಲಿದ್ದ ನಂಬರು ನೋಡಿ ಮೂರನೆಯದನ್ನೂ ಬರೆದರು. ಆವತ್ತು ಅವನು ಐದು ನಿಮಿಷ ಬೆಂಚಿನ ಮೇಲೆ ಕೂತಿದ್ದ, ನಾನು ತುಟಿ ಬಿಚ್ಚಿರಲಿಲ್ಲ, ಎರಡು ಸಲ ನೋಡಿದ್ದೆ. ಪಟ್ಟಿ ಮಾತ್ರ ಅದೇ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಹೆಂಡತಿ ಅವನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಬಂದಳು. ನಾನು ಅವಳನ್ನು ಅತ್ತಿಗೆ ಅನ್ನುತ್ತೇನೆ. ಸುಮ್ಮನೆ ಹೆದರುವ ಹೆಂಗಸಲ್ಲ.

"ಕೇಳಿ ಡಾಕ್ಟ್ರಮ್ಮ ಇವ್ರುನ್ನ, ನೆನ್ನೆ ಮರದ್ ಮೇಲೆ ಏನಾಯ್ತು ಅಂತ" ಅಂದಳು ಅತ್ತಿಗೆ.

"ಏನೂ ಆಗಿಲ್ಲ ಕಣೇ, ಸುಮ್ಕಿರು" ಅಂದ ಅಣ್ಣ.

"ಏನೂ ಆಗ್ದಿದ್ರೆ ಯಾಕೆ ಮರ ತಬ್ಕಂಡು ಅಷ್ಟೊತ್ತು ನಿಂತಿದ್ರಿ? ನಾನು ಕೆಳುಗ್ ನಿಂತ್ಕಂಡು ಕೂಗ್ತಿದ್ರೆ ಓ ಅನ್ನಲಿಲ್ಲ!"

ಡಾಕ್ಟರು ಸಮಾಧಾನವಾಗಿ ಕೇಳಿದ ಮೇಲೆ ಅಣ್ಣ ತಲೆ ತಗ್ಗಿಸಿಕೊಂಡು ಹೇಳಿದ. "ಗೊನೆ ಹತ್ರ ಗರಿ ಹಿಡ್ಕಂಡು ನೆಟ್ಟುಗ್ ನಿಂತೆ ಕಣಮ್ಮ. ಕಣ್ ಕತ್ಲೆ ಬಂತು. ಅಲ್ಲಿಂದ ಯಾವಾಗ್ಲೂ ಅಮ್ಮಸಂದ್ರದ್ ಫ್ಯಾಕ್ಟ್ರಿ ಚಿಮ್ನಿ ಕಾಣ್ತೈತೆ. ಕಾಣ್ಲಿಲ್ಲ. ನನ್ ಕೈ ನಂಗ್ ಕಾಣ್ಲಿಲ್ಲ." ಹೆಂಡತಿಯ ಕಡೆ ಒಮ್ಮೆ ನೋಡಿ, "ಮರ ಹತ್ಬ್ಯಾಡ ಅಂತೀರೇನೋ ಅಂತ ಹೇಳ್ಲಿಲ್ಲ. ನಂಗ್ ಬೇರೆ ಏನ್ ಗೊತ್ತೈತೆ?" ಅಂದ.

ಅವನ ದನಿಯಲ್ಲಿ ಅಷ್ಟು ಹೆದರಿಕೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬೀಳುತ್ತೇನೆಂಬ ಹೆದರಿಕೆಗಿಂತ ಮರ ಬಿಡಬೇಕಾಗುತ್ತದೆಂಬ ಹೆದರಿಕೆಯೇ ಅವನಿಗೆ ದೊಡ್ಡದಾಗಿತ್ತು.

ಡಾಕ್ಟರು ಅವನನ್ನು ಬೆಂಚಿನ ಮೇಲೆ ಕೂರಿಸಿ, ನನಗೆ ಬಿ.ಪಿ. ನೋಡಲು ಹೇಳಿ, ಪಕ್ಕದಲ್ಲೇ ನಿಂತರು. ಪಟ್ಟಿ ಸುತ್ತಿದೆ. ಗುಂಡಿ ಒತ್ತಿದೆ. ಅಭ್ಯಾಸಬಲದಿಂದ ಎರಡೂ ಕೈ ತಾವಾಗಿಯೇ ಹೋಗಿ ಪಟ್ಟಿಯನ್ನು ಒತ್ತಿ ಹಿಡಿದವು.

"ಯಾವಾಗ್ಲೂ ಹೀಗೇ ಹಿಡ್ಕೊಂಡು ನೋಡ್ತೀರಾ ಸಿಸ್ಟರ್?" ಡಾಕ್ಟರು ಕೇಳಿದರು.

"ಹೂಂ ಮೇಡಂ, ಇಲ್ದಿದ್ರೆ ಬಿಚ್ಕೊಳ್ತದೆ. ತೋಳು ದಪ್ಪ…"

ಮಾತು ಅಲ್ಲೇ ನಿಂತಿತು. ನನ್ನ ಬಾಯಿಂದಲೇ ಬಂದಿತ್ತು, ತೋಳು ದಪ್ಪ ಅಂತ. ಗೋಡೆಯ ಮೇಲೆ ನನ್ನ ತಲೆಯ ನೇರಕ್ಕೇ ಬರೆದಿತ್ತು. ಪುಸ್ತಕದಲ್ಲಿ ಪಟ್ಟಿ ಚಿಕ್ಕದಾದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಅಂತ ಇದ್ದದ್ದನ್ನು ಡಾಕ್ಟರು ನನಗೆ ಓದಿಯೂ ಹೇಳಿದ್ದರು. ಆಗ ನಾನು ಹೂಂ ಅಂದು ಹತ್ತಿ ಉಂಡೆ ಮಾಡುತ್ತಿದ್ದೆ.

ಎದ್ದು ಹೋಗಿ ಬೀರು ತೆಗೆದೆ. ಮೇಲಿನ ಅರೆಯಿಂದ ಪಟ್ಟಿ ಇಳಿಸಿದೆ. ಆ ಪ್ಲಾಸ್ಟಿಕ್ ಕವರು ಹರಿಯುವ ಸದ್ದು ಇಡೀ ಆಸ್ಪತ್ರೆಗೆ ಕೇಳಿಸಿತೇನೋ ಅನ್ನಿಸಿತು.

"ಇತ್ತು ಮೇಡಂ. ನಾನೇ ಬೀಗ ಹಾಕಿಟ್ಟಿದ್ದೆ" ಅಂದೆ.

ಡಾಕ್ಟರು ನನ್ನ ಮುಖ ನೋಡಿದರು, ಪಟ್ಟಿ ನೋಡಿದರು, ಅದನ್ನು ಈಸಿಕೊಂಡು ಅಣ್ಣನ ತೋಳಿಗೆ ಸುತ್ತಿದರು. ಅದು ಸಲೀಸಾಗಿ ಕೂತಿತು. ಕೈಯಿಂದ ಹಿಡಿಯುವ ಕೆಲಸವೇ ಇರಲಿಲ್ಲ. ನಂಬರು ಬಂತು. ನನ್ನ ಚೀಟಿಗಳಲ್ಲಿ ಯಾವತ್ತೂ ಇರದಷ್ಟು ಕಮ್ಮಿ. ಅವನನ್ನು ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ನಿಂತ ಮೇಲೆ ಅದೂ ಕುಸಿಯಿತು. ಅಣ್ಣ ಟೇಬಲ್ಲಿನ ಅಂಚು ಹಿಡಿದುಕೊಂಡ.

"ನಿಮಗೆ ಮಾತ್ರೆ ಜಾಸ್ತಿ ಆಗಿದೆ" ಡಾಕ್ಟರು ಅಣ್ಣನಿಗೆ ಹೇಳಿದರು. "ಮರ ಬಿಡಿ ಅಂತ ನಾನು ಹೇಳ್ತಿಲ್ಲ. ಮಾತ್ರೆ ಕಮ್ಮಿ ಮಾಡಿ ನೋಡ್ತೀನಿ. ನಾನು ಹೇಳೋವರ್ಗೂ ಹತ್ಬೇಡಿ. ಮೂರನೇ ಮಾತ್ರೆ ಬರೆದೋಳು ನಾನು, ಆವತ್ತು ನಿಮ್ಮ ತೋಳನ್ನ ನೋಡ್ಲಿಲ್ಲ. ನನ್ ತಪ್ಪೂ ಇದೆ."

ನಾನು ಡ್ರೆಸ್ಸಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆಯಾಗಿತ್ತು, ಹೆದರಿಕೆಯೂ ಆಗಿತ್ತು. ಅವನು ಬಿದ್ದಿದ್ದರೆ? ನೆಲದ ಮೇಲಿಂದ ಎತ್ತಿಕೊಂಡು ನಮ್ಮ ಆಸ್ಪತ್ರೆಗೇ ತರುತ್ತಿದ್ದರು. ನಾನೇ ಬಿ.ಪಿ. ನೋಡುತ್ತಿದ್ದೆ, ಅದೇ ಚಿಕ್ಕ ಪಟ್ಟಿಯಲ್ಲಿ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಬಾಗಿಲು ತಟ್ಟಿದರು. ಬೈಗುಳಕ್ಕೆ ಸಿದ್ಧಳಾಗಿ ತೆಗೆದೆ. ಅವರ ಕೈಯಲ್ಲಿ ಒಂದು ಬಿಳೀ ಹಾಳೆ, ಪೆನ್ನು. "ಸಿಸ್ಟರ್, ಈ ಸುತ್ತಮುತ್ತ ಯಾರ್ಯಾರ ತೋಳು ಇಷ್ಟು ದಪ್ಪ ಇದೆ, ನಿಮಗೆ ಗೊತ್ತಿರುತ್ತೆ. ನೀವು ಎಲ್ರನ್ನೂ ಮಾತಾಡ್ಸಿದೀರಲ್ಲ" ಅಂದರು. ನಿಜ, ನನಗೆ ಗೊತ್ತಿತ್ತು! ಅರಳಗುಪ್ಪೆಯಿಂದ ಬಂದು ಇಲ್ಲಿ ಕಾಯಿ ಸುಲಿಯುವ ಅಣ್ಣತಮ್ಮಂದಿರು, ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವನು, ಹಿಟ್ಟಿನ ಗಿರಣಿಯ ದಪ್ಪ ಅಕ್ಕ, ಒಬ್ಬೊಬ್ಬರ ಮನೆ, ಫೋನು, ಯಾವ ದಿನ ಎಲ್ಲಿ ಕೆಲಸ, ಎಲ್ಲ ಬಾಯಲ್ಲೇ ಇತ್ತು. ಹನ್ನೊಂದು ಜನ. ಹನ್ನೊಂದೂ ಜನರನ್ನು ಆ ವಾರದಲ್ಲೇ ಕರೆಸಿದೆ. ನಾಲ್ವರಿಗೆ ಮಾತ್ರೆ ಬದಲಾಯಿತು. ಗಿರಣಿಯ ಅಕ್ಕ, "ಹಂಗಾರೆ ನಂಗ್ ಬಿ.ಪಿ.ನೇ ಇಲ್ವಾ? ಎರಡ್ ವರ್ಷದಿಂದ ಉಪ್ಪಿಲ್ದಿರೋ ಸಾರು ಉಂಡ್ನಲ್ಲ ಸಿಸ್ಟರಮ್ಮ!" ಅಂತ ಬೆಂಚಿನ ಮೇಲೆ ಕೂತೇ ಕೂಗಾಡಿದಳು. ಕೂಗಾಡಿದ್ದಕ್ಕೆ ಇನ್ನೂ ಐದು ನಿಮಿಷ ಕೂರಿಸಿದೆ.

ಅಣ್ಣನಿಗೆ ನಾನು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು, ಆದರೆ ಅದರ ಅರ್ಥ ಅವನಿಗೆ ತಿಳಿದಿತ್ತೋ ಇಲ್ಲವೋ. ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ಅಂಗಳದಲ್ಲಿ ಕೂತು, ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಹಗ್ಗವನ್ನು ಬಿಚ್ಚಿ ಹೊಸದಾಗಿ ಹೆಣೆಯುತ್ತಿದ್ದ. ಹತ್ತಬೇಡ ಅಂದಿದ್ದರೂ ಹಗ್ಗ ಬಿಟ್ಟಿರಲಿಲ್ಲ.

"ಅಣ್ಣ, ಆ ದೊಡ್ಡ ಪಟ್ಟಿ ಮೂರು ವರ್ಷದಿಂದ ಆಸ್ಪತ್ರೇಲೇ ಇತ್ತು" ಅಂದೆ. "ಹಾಳಾಗ್ತದೆ ಅಂತ ನಾನೇ ಬಚ್ಚಿಟ್ಟಿದ್ದೆ. ಡಾಕ್ಟ್ರು ಕೇಳಿದ್ರೂ ಇಲ್ಲ ಅಂದೆ. ನಿಮಗೆ ಕಣ್ ಕತ್ಲೆ ಬಂದಿದ್ದು ನನ್ನಿಂದ."

ಅತ್ತಿಗೆ ಒಳಗಿನಿಂದ ಬಂದಳು. ಅವಳ ಮುಖ ಕೆಂಪಾಗಿತ್ತು. "ಬಿದ್ದಿದ್ರೆ ಏನ್ ಮಾಡ್ಬೇಕಿತ್ತು ಸಿಸ್ಟರಮ್ಮ ನಾನು? ಹೇಳಿ, ಏನ್ ಮಾಡ್ಬೇಕಿತ್ತು?" ಅಂದಳು.

ಅಣ್ಣ ಹಗ್ಗದ ಕಡೆಯೇ ನೋಡುತ್ತಾ ಹೇಳಿದ. "ಬುಡೇ, ತಪ್ಪು ಒಪ್ಕಂಡವ್ರಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಮೂವತ್ತೈದು ವರ್ಷಾಯ್ತು ಕಣಮ್ಮ ನಾನು ಮರ ಹತ್ತೋಕ್ ಹಿಡ್ದು. ಇವತ್ತಿಗೂ ಬುಡದಲ್ಲಿ ನಿಂತ್ಕಂಡು ಹಗ್ಗ ಎಳ್ದು ನೋಡ್ದೆ ಕಾಲಿಕ್ಕಲ್ಲ. ಬುಡ ತಟ್ಟಿ ನೋಡ್ತೀನಿ. ಮೇಲೆ ಕಣಜದ್ ಗೂಡು ಐತಾ ಅಂತ ನೋಡ್ತೀನಿ. ಒಣಗರಿ ಎಲ್ಲೈತೆ ಅಂತ ನೋಡ್ತೀನಿ. ದಿನಾ ಅದೇ ಮರಗಳೇಯ. ಆದ್ರೂ ನೋಡ್ತೀನಿ. ನಾನು ಹಳಬ ಅಂತ ಮರಕ್ಕೇನ್ ಗೊತ್ತು?"

ಅವನು ನನಗೆ ಬುದ್ಧಿ ಹೇಳಲು ಅಂದ ಮಾತಲ್ಲ ಅದು. ತನ್ನ ಕೆಲಸದ ವಿಷಯ ಹೇಳಿದ, ಅಷ್ಟೇ. ಆದರೆ ಇಪ್ಪತ್ತಾರು ವರ್ಷದ ಸರ್ವೀಸು ಅಂತ ಎದೆ ಸೆಟೆಸಿಕೊಂಡು ತಿರುಗುತ್ತಿದ್ದ ನನಗೆ ಆ ಮಾತು ನಾಟಿತು. ಕ್ಯಾಲೆಂಡರಿನ ಹಿಂದೆ ಡಾಕ್ಟರು ಬರೆದಿದ್ದೂ ಅವನು ಮರದ ಬುಡದಲ್ಲಿ ನಿಂತು ಮಾಡುತ್ತಿದ್ದುದೂ ಒಂದೇ ಕೆಲಸ. ಓದದ ಅವನು ದಿನಾ ಮಾಡುತ್ತಿದ್ದ, ಓದಿದ ನಾನು ಮಾಡಿರಲಿಲ್ಲ. ಅತ್ತಿಗೆ ಇನ್ನೂ ಮುಖ ಊದಿಸಿಕೊಂಡೇ ಇದ್ದಳು, ಆದರೂ ಕಾಫಿ ತಂದು ಕುಕ್ಕಿದಳು. ಒಳ್ಳೆಯ ಸ್ಟೀಲ್ ಲೋಟದಲ್ಲೇ ಕೊಟ್ಟಿದ್ದಳು.

ಆ ತಿಂಗಳ ಮೀಟಿಂಗಿನಲ್ಲಿ ಸುತ್ತಲ ಹಳ್ಳಿಗಳ ಸಿಸ್ಟರುಗಳೂ ಆಶಾ ಅಕ್ಕಂದಿರೂ ಸೇರಿದ್ದರು. ಮಾರ್ಗಸೂಚಿಯ ಬಗ್ಗೆ ಡಾಕ್ಟರು ಮಾತಾಡುವುದೆಂದಿತ್ತು. ಅವರು ಎದ್ದು, "ನಾನು ಹೇಳುದ್ರೆ ನೀವೆಲ್ಲ ಬರ್ಕೊಂಡು ಮನೇಲಿ ಇಡ್ತೀರಿ. ಸಿಸ್ಟರ್ ಹೇಳ್ತಾರೆ" ಅಂದು ಕೂತುಬಿಟ್ಟರು. ನಾನು ಎದ್ದು ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ. ಮೊದಲು ನಕ್ಕರು. ಮರ ತಬ್ಬಿಕೊಂಡು ನಿಂತ ಭಾಗಕ್ಕೆ ಬಂದಾಗ ಯಾರೂ ನಗಲಿಲ್ಲ. ಮುಗಿದ ಮೇಲೆ ಹಿಂದೆ ಕೂತಿದ್ದ ಒಬ್ಬ ಸಿಸ್ಟರು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, "ಅಕ್ಕ, ನಮ್ ಬೀರುನಲ್ಲೂ ಒಂದೈತೆ ಕಣಕ್ಕ. ಕವರ್ ಒಡ್ದಿಲ್ಲ." ಮಾರನೇ ದಿನವೇ ಒಡೆದು ಫೋಟೋ ಕಳಿಸಿದಳು. ಆಮೇಲೆ ಇನ್ನೂ ಇಬ್ಬರಿಂದ ಫೋಟೋ ಬಂತು. ನಮ್ಮ ಸೀಮೆಯಲ್ಲಿ ಅಷ್ಟು ಪಟ್ಟಿಗಳು ಬೀರುಗಳಲ್ಲಿ ನಿದ್ದೆ ಮಾಡುತ್ತಿದ್ದವು ಅಂತ ಯಾರಿಗೆ ಗೊತ್ತಿತ್ತು!

ಅಣ್ಣನ ಮಾತ್ರೆ ಮೂರು ಹೋಗಿ ಎರಡಾಯಿತು, ಎರಡು ಹೋಗಿ ಒಂದಾಯಿತು. ಪ್ರತಿ ವಾರವೂ ಬರುವನು, ಕೂತಾಗ ಒಂದು ಸಲ, ನಿಂತಾಗ ಒಂದು ಸಲ ನೋಡುವುದು. ಆ ಒಂದು ಮಾತ್ರೆ ಬಿಡುವ ಹಾಗಿರಲಿಲ್ಲ, ಬಿ.ಪಿ. ಸ್ವಲ್ಪ ನಿಜವಾಗಿಯೂ ಇತ್ತು. ಮುಂಗಾರು ಹತ್ತಿರವಾದಾಗ ಒಂದು ದಿನ ಡಾಕ್ಟರು ಚೀಟಿಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ, "ಹತ್ತಬಹುದು. ಮೊದ್ಲು ಒಂದೇ ಮರ" ಅಂದರು. ಅಣ್ಣ ಅವರಿಗೆ ಕೈ ಮುಗಿದು, ನನ್ನ ಕಡೆ ನೋಡಿ, "ಆ ಒಂದು ನಿಮ್ ತೋಟದ್ದೇ ಆಗ್ಲಿ ಬುಡಿ, ಸಿಸ್ಟರಮ್ಮ" ಅಂದ.

ಭಾನುವಾರ ಅವನೂ ಅತ್ತಿಗೆಯೂ ಬಂದರು. ರಾತ್ರಿ ಒಂದು ಹನಿ ಬಿದ್ದಿತ್ತು. ಬಿಸಿಲು ಬಂದು ಮರ ಒಣಗುವ ತನಕ ಅಣ್ಣ ಕಾಯಿಸಿದ. ನಮ್ಮ ತೋಟದ ಮೂಲೆಯಲ್ಲಿ ಎತ್ತರದ ಮರವೊಂದಿದೆ, ಅದರ ಬುಡಕ್ಕೇ ಹೋಗಿ ನಿಂತ. ಚಿಕ್ಕ ಮರ ಹತ್ತಬಾರದೇ ಅಂತ ನನ್ನ ನಾಲಿಗೆಯ ತುದಿಗೆ ಬಂತು. ಅವನು ಹಗ್ಗ ಎಳೆದು ನೋಡಿದ. ಬುಡ ತಟ್ಟಿದ. ತಲೆಯೆತ್ತಿ ಬಹಳ ಹೊತ್ತು ಸುಳಿಯನ್ನೇ ನೋಡಿದ. ನಾನು ತಡೆಯಲಾರದೆ, "ಅಣ್ಣ, ಬೆಳಿಗ್ಗೆ ಮಾತ್ರೆ…" ಅಂತ ಶುರು ಮಾಡಿದೆ.

ಅವನು ತುಟಿಯ ಮೇಲೆ ಬೆರಳಿಟ್ಟ. "ಇಬ್ರೂ ಮಾತಾಡ್ಬಾರ್ದು ಅಂತ ನಿಮ್ ಗೋಡೆ ಮೇಲೆ ಬರ್ದಿಲ್ವಾ ಸಿಸ್ಟರಮ್ಮ?"

ಬಾಯಿ ಮುಚ್ಚಿದೆ. ಅತ್ತಿಗೆ ನನ್ನ ಪಕ್ಕದಲ್ಲಿ ಸೆರಗಿನ ತುದಿ ಹಿಡಿದು ನಿಂತಳು. ಅವನು ಹತ್ತಿದ. ಅವಸರವಿಲ್ಲ, ಒಂದೊಂದೇ ಹೆಜ್ಜೆ. ಅರ್ಧ ಮರಕ್ಕೆ ಹೋದಾಗ ಅತ್ತಿಗೆ ನನ್ನ ಕೈ ಹಿಡಿದಳು. ಅಂಗಳದಲ್ಲಿ ನಾನು ತಪ್ಪು ಒಪ್ಪಿಕೊಂಡ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅಣ್ಣ ಗೊನೆಯ ಹತ್ತಿರ ಹೋದ. ಗರಿ ಹಿಡಿದ. ನೆಟ್ಟಗೆ ನಿಂತ. ಆವತ್ತು ಕಣ್ಣು ಕತ್ತಲೆ ಬಂದದ್ದು ಹೀಗೆ ನಿಂತಾಗಲೇ.

ಮೇಲಿನಿಂದ ಅವನ ದನಿ ಬಂತು. "ಸಿಸ್ಟರಮ್ಮೋ! ಚಿಮ್ನಿ ಕಾಣ್ತೈತೆ! ಅದ್ರ ಹೊಗೇನೂ ಕಾಣ್ತೈತೆ!"

ಉತ್ತರ ಕೂಗಬೇಕೆಂದು ಬಾಯಿ ತೆರೆದೆ. ಒಂದು ಮಾತೂ ಹೊರಡಲಿಲ್ಲ. ಅತ್ತಿಗೆ ಕಣ್ಣು ಒರೆಸಿಕೊಂಡು ನನ್ನ ಕೈ ಅಲ್ಲಾಡಿಸಿದಳು.

"ಈಗ ಮಾತಾಡ್ಬೋದು ಕಣ್ರೀ ಸಿಸ್ಟರಮ್ಮ" ಅಂದಳು. "ಮಾತಾಡಿ."